ಎಂಜಿನ್ನಿನ ಗಾಳಿಕೊಳವೆ: ಬಿಚ್ಚುವ ಮೊದಲು ನೋಡಿ



ಡೀಸೆಲ್ ಎಂಜಿನ್ನು ಕಪ್ಪು ಹೊಗೆ ಬಿಡತೊಡಗಿದರೆ, ಗಾಳಿ ಒಳಹೋಗುವ ಕೊಳವೆಯನ್ನು, ಅಂದರೆ ಇಂಟೇಕ್ ಮ್ಯಾನಿಫೋಲ್ಡನ್ನು, ಬಿಚ್ಚಿ ತೊಳೆಯಬೇಕೆಂದು ಹೇಳುವವರುಂಟು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬಾರದು. ಬೆಳೆ ಬಾಡುವ ಹೊತ್ತಿನಲ್ಲಿ ಎಂಜಿನ್ನು ಬಿಚ್ಚಿಟ್ಟರೆ ದಿನವೂ ಹಣವೂ ನಷ್ಟ. ಬಿಚ್ಚುವಾಗ ಒಂದು ನಟ್ಟು ಒಳಗೆ ಬಿದ್ದರಂತೂ ಪಿಸ್ಟನ್ನೇ ಹಾಳಾದೀತು.

ಕಪ್ಪು ಹೊಗೆಯ ಅರ್ಥವೇನು? ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ, ಇಲ್ಲವೆ ಡೀಸೆಲ್ ಸರಿಯಾಗಿ ಸಿಂಪಡಣೆಯಾಗುತ್ತಿಲ್ಲ. ಎಂಜಿನ್ನಿನ ಮೇಲೆ ಶಕ್ತಿಗೆ ಮೀರಿದ ಭಾರ ಬಿದ್ದರೂ ಹೀಗಾಗುತ್ತದೆ. ಆದ್ದರಿಂದ ಈ ಕ್ರಮದಲ್ಲಿ ಪರೀಕ್ಷಿಸತಕ್ಕದ್ದು.

1. ಮೊದಲು ಏರ್ ಕ್ಲೀನರ್ ನೋಡಿರಿ. ಎಣ್ಣೆಯ ಬಟ್ಟಲಿದ್ದರೆ ಕೆಸರು ತೆಗೆದು, ಗುರುತಿನವರೆಗೆ ಮಾತ್ರ ಹೊಸ ಎಣ್ಣೆ ಹಾಕಿರಿ. ಕಾಗದದ ಫಿಲ್ಟರ್ ಆಗಿದ್ದು ಕಟ್ಟಿಕೊಂಡಿದ್ದರೆ ಬದಲಾಯಿಸಿರಿ.

2. ಹೊಗೆ ನಿಲ್ಲದಿದ್ದರೆ ಇಂಜೆಕ್ಟರನ್ನು ಪರೀಕ್ಷೆ ಮಾಡಿಸಿರಿ.

3. ಆಮೇಲೆ ಎಂಜಿನ್ನು ನಿಲ್ಲಿಸಿ, ಆರಿದ ಮೇಲೆ, ಏರ್ ಕ್ಲೀನರಿನ ಕೊಳವೆ ಬಿಡಿಸಿ ಟಾರ್ಚ್ ಹಾಕಿ ಒಳಗೆ ನೋಡಿರಿ.

ಒಳಗೆ ತೆಳ್ಳಗೆ ಎಣ್ಣೆಜಿಡ್ಡು ಮಾತ್ರ ಇದ್ದರೆ ಚಿಂತೆಯಿಲ್ಲ, ಹಾಗೆಯೇ ಬಿಡಿರಿ. ಒಣ ಧೂಳು ಕಂಡರೆ ಅದೇ ನಿಜವಾದ ಅಪಾಯ. ಕ್ಲೀನರನ್ನು ತಪ್ಪಿಸಿ ಧೂಳು ಒಳಹೋಗುತ್ತಿದೆಯೆಂದು ತಿಳಿಯಬೇಕು. ಈ ಧೂಳು ಪಿಸ್ಟನ್ ರಿಂಗನ್ನೂ ಲೈನರನ್ನೂ ಸವೆಸುತ್ತದೆ. ಬಿರಿದ ರಬ್ಬರ್ ಕೊಳವೆ, ಸಡಿಲ ಕ್ಲಿಪ್ಪು ಹುಡುಕಿ ಸರಿಪಡಿಸಿರಿ. ಮಸಿ ದಪ್ಪನಾಗಿ ಕಟ್ಟಿ ದಾರಿ ಕಿರಿದಾಗಿದ್ದರೆ ಮಾತ್ರ ಕೊಳವೆ ಬಿಚ್ಚಿ ತೊಳೆಯತಕ್ಕದ್ದು.

ಸಾದಾ ಪಂಪ್‌ಸೆಟ್ಟಿನಲ್ಲಿ ಇಂಥ ದಪ್ಪ ಮಸಿ ಅಪರೂಪ. ಹೊಗೆಯ ಒಂದು ಪಾಲನ್ನು ಮರಳಿ ಒಳಕ್ಕೆ ಬಿಡುವ ಇ.ಜಿ.ಆರ್. ಏರ್ಪಾಡಿರುವ ಎಂಜಿನ್ನುಗಳಲ್ಲಿ ಇದು ಹೆಚ್ಚು. ಅಲ್ಲಿ ಹೊಗೆಯ ಮಸಿ ಎಣ್ಣೆಯ ಆವಿಯೊಡನೆ ಬೆರೆತು ಡಾಂಬರಿನಂತೆ ಅಂಟುತ್ತದೆ. ಅಂಥವುಗಳಲ್ಲಿ ಇ.ಜಿ.ಆರ್. ಕವಾಟವನ್ನೂ ಮೆಕ್ಯಾನಿಕರಿಂದ ನೋಡಿಸಬೇಕು. ಇಲ್ಲವಾದರೆ ತೊಳೆದದ್ದು ಮತ್ತೆ ಕಟ್ಟಿಕೊಳ್ಳುತ್ತದೆ.

ತೊಳೆಯುವಾಗ ಎಚ್ಚರಿಕೆ: ಕೊಳವೆಯನ್ನು ಎಂಜಿನ್ನಿನಿಂದ ಪೂರ್ತಿ ಬೇರ್ಪಡಿಸಿಯೇ ಕೆರೆಯಬೇಕು. ಎಂಜಿನ್ನಿನ ತೆರೆದ ಬಾಯಿಗಳಿಗೆ ಶುದ್ಧ ಬಟ್ಟೆ ತುರುಕಿ, ಎಷ್ಟು ತುಂಡೆಂದು ಎಣಿಸಿಡಿ. ಬೀಡಿ, ಬೆಂಕಿ ದೂರವಿರಲಿ. ಡೀಸೆಲ್ಲಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ಹೊಸ ಗ್ಯಾಸ್ಕೆಟ್ ಹಾಕಿ ಜೋಡಿಸಿರಿ. ಓಡುತ್ತಿರುವ ಎಂಜಿನ್ನಿನ ಗಾಳಿಬಾಯಿಗೆ ಪೆಟ್ರೋಲನ್ನಾಗಲಿ ಸೀಮೆಎಣ್ಣೆಯನ್ನಾಗಲಿ ಎಂದಿಗೂ ಹೊಯ್ಯಬೇಡಿರಿ. ಎಂಜಿನ್ನು ಹಿಡಿತ ತಪ್ಪಿ ಓಡಿ ಒಡೆದು, ಪಕ್ಕದಲ್ಲಿದ್ದವರ ಪ್ರಾಣಕ್ಕೇ ಅಪಾಯವಾದೀತು.

ಬಿತ್ತನೆಗೂ ನೀರಾವರಿಗೂ ಮುಂಚೆ, ಬಿಡುವಿನ ದಿನಗಳಲ್ಲೇ ಈ ಪರೀಕ್ಷೆ ಮುಗಿಸಿಕೊಳ್ಳುವುದು ಲೇಸು.