ದಿನಾ ಓಡಿಸುವ ಮಸ್ಟಾಂಗ್‌ಗೆ ಯಾವ ಕ್ಲಚ್? ಅಳಿಯನಿಗೊಂದು ಕಿವಿಮಾತು

ಅಳಿಯಾ, ನಿನ್ನ 2015ರ ಮಸ್ಟಾಂಗ್ ಜಿಟಿಯ ಕ್ಲಚ್ ಸ್ಲಿಪ್ ಆಗುತ್ತಿದೆಯಂತೆ, ಅದರ ಜಾಗಕ್ಕೆ ರೇಸಿನ ಕ್ಲಚ್ಚೇ ಬೇಕು ಅಂತ ಕೂತಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ಡೆಟ್ರಾಯ್ಟ್ ಕಡೆ ಕಾರುಗಳ ನಡುವೆಯೇ ನನ್ನ ನೌಕರಿ ಕಳೆಯಿತು. ಆ ಸಲುಗೆಯಿಂದ ಹೇಳುತ್ತಿದ್ದೇನೆ, ದುಡ್ಡು ಹಾಕುವ ಮೊದಲು ಓದಿಕೋ. ನಿನ್ನ ಗಾಡಿ ಬೆಳಿಗ್ಗೆ ಸಂಜೆ ಐ-696 ಹೈವೇಯ ಟ್ರಾಫಿಕ್‌ನಲ್ಲಿ ತೆವಳುವ ಗಾಡಿ. ಕ್ಲಚ್ ಆ ರಸ್ತೆಗೆ ಒಗ್ಗಬೇಕು.

• ಮೊದಲು ಕ್ಲಚ್ಚೇ ಹೋಗಿದೆಯಾ ಖಾತ್ರಿ ಮಾಡಿಕೋ. ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತು. ಆರ್‌ಪಿಎಂ ಮುಳ್ಳು ಸರ್ರನೆ ಏರಿ ಸ್ಪೀಡಿನ ಮುಳ್ಳು ಏಳದಿದ್ದರೆ ಪ್ಲೇಟ್ ಸವೆದಿದೆ, ಇಲ್ಲವೇ ಅದಕ್ಕೆ ಎಣ್ಣೆ ತಗುಲಿದೆ. ಎಣ್ಣೆ ಸೋರುವ ಸೀಲ್ ಬದಲಿಸದೆ ಹೊಸ ಕ್ಲಚ್ ಹಾಕಿದರೆ ಅದೂ ಹಾಳಾಗುತ್ತದೆ. ಗೇರ್ ಬೀಳುವಾಗ ಕರಕರ ಅಂದರೆ, ಪೆಡಲ್ ಕೆಳಗೇ ಉಳಿದರೆ, ಮೊದಲು ಹೈಡ್ರಾಲಿಕ್ ನೋಡು. ನಿನ್ನ ಗಾಡಿಯಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬಿಯಿಂದ ಫ್ಲೂಯಿಡ್ ಹೋಗುತ್ತದೆ. ಅದರ ಮಟ್ಟ ಇಳಿದಿದ್ದರೆ ಗಾಡಿ ಹೊರಗೆ ತೆಗೆಯಲೇಬೇಡ.

• ಕ್ಲಚ್ ಹೊರುವುದು ಟಾರ್ಕನ್ನು. ಹಾರ್ಸ್‌ಪವರ್ ನೋಡಿ ಕ್ಲಚ್ ಕೊಳ್ಳಬಾರದು. ನಿನ್ನ 5.0 ಲೀಟರಿನ ವಿ8 ಕಂಪನಿಯಿಂದ ಬಂದಾಗ 435 ಹಾರ್ಸ್‌ಪವರ್, 400 ಪೌಂಡ್-ಅಡಿ ಟಾರ್ಕ್. ಅದರ ಮೇಲೆ ಕಾಲು ಭಾಗ ಸೇರಿಸಿದರೆ 500. ಅಷ್ಟು, ಹೆಚ್ಚೆಂದರೆ 550 ತಡೆಯುವ ಕ್ಲಚ್ ನಿನಗೆ ಧಾರಾಳವಾಯಿತು. ಡೈನೋ ಯಂತ್ರದಲ್ಲಿ ಟಾರ್ಕ್ ಅಳೆಸಿದ ಚೀಟಿ ಇದ್ದರೆ ನೆನಪಿರಲಿ, ಅದು ಚಕ್ರದ ಹತ್ತಿರ ಅಳೆದ ಲೆಕ್ಕ. ಎಂಜಿನ್ನಿನದು ಅದಕ್ಕಿಂತ ಸುಮಾರು ಶೇಕಡಾ 15ರಷ್ಟು ಹೆಚ್ಚಿರುತ್ತದೆ. ಸೂಪರ್‌ಚಾರ್ಜರ್ ಈ ವರ್ಷವೇ ಹಾಕಿಸುವುದು ನಿಶ್ಚಯವಾಗಿದ್ದರೆ ಆ ಟಾರ್ಕಿಗೆ ಕೊಳ್ಳು. ಎಂದಾದರೂ ಒಂದು ದಿನ ಅನ್ನುವ ಆಸೆಗೋಸ್ಕರ ಇವತ್ತಿನಿಂದಲೇ ಎಡಗಾಲು ನೋಯಿಸಿಕೊಳ್ಳಬೇಡ.

• ಸ್ಟೇಜ್ 1, ಸ್ಟೇಜ್ 2, ಸ್ಟೇಜ್ 3 ಅನ್ನುವುದಕ್ಕೆ ಎಲ್ಲರಿಗೂ ಒಪ್ಪಿತವಾದ ಅಳತೆಯೇ ಇಲ್ಲ. ಒಂದು ಕಂಪನಿಯ ಸ್ಟೇಜ್ 2 ಇನ್ನೊಂದರ ಸ್ಟೇಜ್ 3ಕ್ಕಿಂತ ಬಿಗಿಯಾಗಿರಬಹುದು. ಟಾರ್ಕ್ ಎಷ್ಟು ತಡೆಯುತ್ತದೆ, ಪ್ಲೇಟಿಗೆ ಯಾವ ಲೈನಿಂಗ್, ನಡುವೆ ಸ್ಪ್ರಿಂಗ್ ಇದೆಯೇ, ಈ ಮೂರನ್ನು ಕೇಳು.

• ಹೆಚ್ಚಿನವರು ಎಡವುವುದು ಲೈನಿಂಗ್ ಆರಿಸುವಾಗ. ಆರ್ಗ್ಯಾನಿಕ್ ಲೈನಿಂಗ್ ನಯವಾಗಿ ಹಿಡಿಯುತ್ತದೆ, ಹಾಫ್ ಕ್ಲಚ್‌ನಲ್ಲಿ ತೆವಳುವುದನ್ನು ಸಹಿಸುತ್ತದೆ. ತೀರಾ ಕಾದರೆ ಮಾತ್ರ ಸುಟ್ಟ ವಾಸನೆ ಬಂದು ಹಿಡಿತ ಸಡಿಲವಾಗುತ್ತದೆ. ಕೆವ್ಲಾರ್ ಬಹಳ ದಿನ ಬಾಳುತ್ತದೆ, ಆದರೆ ಅದನ್ನು ಪಳಗಿಸಲು ತಾಳ್ಮೆ ಬೇಕು. ಪಳಗುವ ಮುನ್ನ ಜೋರಾಗಿ ಕಾಯಿಸಿದರೆ ಮೇಲ್ಮೈ ನುಣುಪಾಗಿ ಜಾರತೊಡಗುತ್ತದೆ. ಸೆರಾಮಿಕ್ ತುಂಡುಗಳನ್ನು ಕೂರಿಸಿದ ಪಕ್ ಪ್ಲೇಟ್‌ಗಳಿವೆಯಲ್ಲ, ನಿನಗೆ ಅವೇ ಬೇಕಂತೆ. ಅವು ಶಾಖಕ್ಕೆ ಜಗ್ಗುವುದಿಲ್ಲ, ಟಾರ್ಕ್ ಚೆನ್ನಾಗಿ ಹೊರುತ್ತವೆ. ಆದರೆ ಅವುಗಳಲ್ಲಿ ಹಾಫ್ ಕ್ಲಚ್ ಅನ್ನುವುದು ಹೆಸರಿಗಷ್ಟೇ. ಸಿಗ್ನಲ್‌ನಲ್ಲಿ ಪೆಡಲ್ ಬಿಡುತ್ತಿದ್ದಂತೆ ಗಾಡಿ ಗಡಗಡ ನಡುಗಿ ಮುಂದಕ್ಕೆ ಹಾರುತ್ತದೆ, ಇಲ್ಲವೇ ಎಂಜಿನ್ ಆಫ್ ಆಗುತ್ತದೆ. ಸೆರಾಮಿಕ್ ರೇಸಿನಲ್ಲಿ ಹೊರಡುವ ಗೆರೆಯಿಂದ ಒಮ್ಮೆ ಹಾರಿ ಹೋಗುವ ಗಾಡಿಗೆ ಹೇಳಿ ಮಾಡಿಸಿದ್ದು. ಮಂಜು ಬಿದ್ದ ರಸ್ತೆಯಲ್ಲಿ ಹಿಂದಿನ ಚಕ್ರ ಜಾರದಂತೆ ಮೆಲ್ಲಗೆ ಹೊರಡಬೇಕಾದ ನಿನಗೆ ಅದು ಅಪಾಯವೇ. ಆರ್ಗ್ಯಾನಿಕ್ ತಗೋ. ನಡುವೆ ಸ್ಪ್ರಿಂಗ್ ಇರುವ ಪ್ಲೇಟನ್ನೇ ತಗೋ. ಸ್ಪ್ರಿಂಗ್ ಇಲ್ಲದಿದ್ದರೆ ಪ್ರತಿ ಹೊಡೆತವೂ ನೇರ ಗೇರ್ ಬಾಕ್ಸಿಗೆ ಹೋಗುತ್ತದೆ.

• ಟಾರ್ಕ್ ಜಾಸ್ತಿ ಇದ್ದೂ ಪೆಡಲ್ ಹಗುರ ಬೇಕೆಂದರೆ ಟ್ವಿನ್ ಡಿಸ್ಕ್. ಒಂದು ಪ್ಲೇಟಿಗೆ ಉಜ್ಜುವ ಮುಖ ಎರಡು, ಎರಡು ಪ್ಲೇಟಿಗೆ ನಾಲ್ಕು. ಮುಖ ಹೆಚ್ಚಾದಷ್ಟೂ ಅದೇ ಟಾರ್ಕಿಗೆ ಪ್ರೆಶರ್ ಪ್ಲೇಟ್ ಕಡಿಮೆ ಬಿಗಿಯಾಗಿ ಒತ್ತಿದರೆ ಸಾಕು. ಮ್ಯಾಕ್ಲಿಯಾಡ್ ಕಂಪನಿಯ ಆರ್‌ಎಸ್‌ಟಿ ಕ್ಲಚ್ ಈ ಬಗೆಯದು, ಲೈನಿಂಗ್ ಆರ್ಗ್ಯಾನಿಕ್. ಫೋರ್ಡ್ ತಾನೇ 2018ರಿಂದ ಜಿಟಿಗೆ ಟ್ವಿನ್ ಡಿಸ್ಕ್ ಕೊಟ್ಟಿತು. ಬೆಲೆ ಹೆಚ್ಚು, ಪೆಡಲ್ ಒತ್ತಿದಾಗ ಸ್ವಲ್ಪ ಗಲಗಲ ಸದ್ದೂ ಬರಬಹುದು, ಅದಕ್ಕೆ ಗಾಬರಿಯಾಗಬೇಡ.

• ಹಗುರವೆಂದು ಅಲ್ಯೂಮಿನಿಯಂ ಫ್ಲೈವೀಲ್ ಹಾಕಿಸಬೇಡ. ಆರ್‌ಪಿಎಂ ಬೇಗ ಏರುವುದು ನಿಜ, ಅಷ್ಟೇ ಬೇಗ ಇಳಿಯುತ್ತದೆ ಕೂಡ. ಟ್ರಾಫಿಕ್‌ನಲ್ಲಿ ಹೊರಡುವಾಗಲೆಲ್ಲ ಹೆಚ್ಚು ಕ್ಲಚ್ ಜಾರಿಸಬೇಕಾಗುತ್ತದೆ. ಉಕ್ಕಿನದೇ ಇರಲಿ. ಹಳೆಯದರ ಮೇಲೆ ನೀಲಿ ಕಲೆ, ಕೂದಲೆಳೆಯಂಥ ಬಿರುಕು ಕಂಡರೆ ಹೊಸದು ತರಿಸು.

• ಗೇರ್ ಬಾಕ್ಸ್ ಇಳಿಸುವ ಕೂಲಿ ದೊಡ್ಡದು. ಇಳಿಸಿದ ಮೇಲೆ ಚಿಲ್ಲರೆ ಉಳಿಸಲು ಹೋಗಬೇಡ. ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ನಿನ್ನ ಗಾಡಿಯಲ್ಲಿ ಗೇರ್ ಬಾಕ್ಸಿನ ಬೆಲ್‌ಹೌಸಿಂಗ್ ಒಳಗೇ ಕೂತಿದೆ. ಅದು ಆಮೇಲೆ ಸೋರಿದರೆ ಮತ್ತೆ ಎಲ್ಲ ಬಿಚ್ಚಬೇಕು. ಅದನ್ನು, ಪೈಲಟ್ ಬೇರಿಂಗನ್ನು, ಫ್ಲೈವೀಲ್ ಬೋಲ್ಟ್‌ಗಳನ್ನು ಹೊಸದಾಗಿ ಹಾಕಿಸು. ಎಂಜಿನ್ನಿನ ಹಿಂದಿನ ಸೀಲ್ ಒದ್ದೆಯಾಗಿದ್ದರೆ ಅದನ್ನೂ.

• ಪೆಡಲಿನ ಮೇಲ್ಗಡೆ ಒಂದು ಅಸಿಸ್ಟ್ ಸ್ಪ್ರಿಂಗ್ ಇದೆ, ಕಂಪನಿಯ ಕ್ಲಚ್ಚಿಗೆ ಹೊಂದಿಸಿದ್ದು. ಬೇರೆ ಕ್ಲಚ್ ಹಾಕಿದಾಗ ಆ ಸ್ಪ್ರಿಂಗ್ ಕ್ಲಚ್ ಹಿಡಿಯುವ ಜಾಗವನ್ನು ಮಸುಕು ಮಾಡುತ್ತದೆ, ಒಮ್ಮೊಮ್ಮೆ ಪೆಡಲನ್ನು ಕೆಳಗೇ ಎಳೆದಿಟ್ಟುಕೊಳ್ಳುತ್ತದೆ. ಹಗುರ ಸ್ಪ್ರಿಂಗ್ ಸಿಗುತ್ತದೆ, ಬೆಲೆಯೂ ಕಮ್ಮಿ. ಹೊಸ ಕ್ಲಚ್ಚೇ ಸರಿಯಿಲ್ಲ ಎಂದು ದೂರುವ ಮುನ್ನ ಇದನ್ನು ಬದಲಿಸಿ ನೋಡು.

• ಡ್ರ್ಯಾಗ್ ಸ್ಟ್ರಿಪ್ಪಿಗೆ ಒಮ್ಮೆಯಾದರೂ ಹೋಗುವವನಾದರೆ ರೇಸಿನ ಸುರಕ್ಷತೆಗೆ ಕೊಡುವ ಎಸ್‌ಎಫ್‌ಐ ಮುದ್ರೆ ಇರುವ ಕ್ಲಚ್, ಫ್ಲೈವೀಲ್ ತಗೋ. ಆರ್‌ಪಿಎಂ ಏರಿದಾಗ ಫ್ಲೈವೀಲ್ ಸಿಡಿದರೆ ಅದರ ಚೂರು ನಿನ್ನ ಕಾಲ ಬುಡಕ್ಕೇ ಬರುತ್ತದೆ.

• ಜೋಡಿಸುವಾಗ ಪ್ಲೇಟಿಗೆ ಗ್ರೀಸ್ ಕೈ ತಾಗಬಾರದು. ಹೊಸ ಫ್ಲೈವೀಲಿನ ಮೇಲಿನ ಎಣ್ಣೆ ಪದರವನ್ನು ಬ್ರೇಕ್ ಕ್ಲೀನರ್ ಹಾಕಿ ಒರೆಸಬೇಕು. ಪ್ರೆಶರ್ ಪ್ಲೇಟಿನ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ನಿಂತು ನೋಡು, ಮೆಕ್ಯಾನಿಕ್ ಬೇಸರಪಟ್ಟರೂ ಪರವಾಗಿಲ್ಲ.

• ಮೊದಲ 500 ಮೈಲಿ ಊರೊಳಗೇ ಓಡಿಸು. ಹೈವೇ ಮೈಲಿಗಳು ಲೆಕ್ಕಕ್ಕಿಲ್ಲ, ಯಾಕೆಂದರೆ ಪ್ಲೇಟ್ ಪಳಗುವುದು ಹಿಡಿದು ಬಿಟ್ಟು ಹಿಡಿದು ಬಿಟ್ಟು. ಅಲ್ಲಿಯವರೆಗೆ ಆಕ್ಸಿಲರೇಟರ್ ಪೂರ್ತಿ ಒತ್ತಕೂಡದು, ಗೆಳೆಯರು ಎಷ್ಟೇ ಹುರಿದುಂಬಿಸಲಿ.

ಕ್ಲಚ್ ಮಾಡುವ ಕಂಪನಿಗೇ ಫೋನ್ ಮಾಡಿ ಗಾಡಿಯ ವರ್ಷ, ಟಾರ್ಕ್, ಟ್ರಾಫಿಕ್ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳು. ಟಾರ್ಕ್ ಏರಿಸಿ ಹೇಳಿದರೆ ಬಿಗಿ ಕ್ಲಚ್ಚೇ ಮನೆಗೆ ಬರುತ್ತದೆ. ಅವರು ಏನಂದರು ಅಂತ ನನಗೆ ತಿಳಿಸು, ಆಮೇಲೆ ಆರ್ಡರ್ ಮಾಡು.