ಬಣ್ಣ ಹೋದ ನೀರೆಲ್ಲ ಶುದ್ಧವೆ?

ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡರೆ ಬಾವಿಗೆ ಬ್ಲೀಚಿಂಗ್ ಪುಡಿ ಹಾಕುವುದು ರೂಢಿ. ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ. ಕಾರ್ಖಾನೆಯ ಕೊಳಚೆ ಸೇರಿದ ಬಾವಿಗೂ ಇದೇ ಮದ್ದು ಸಾಕೆ? ಸಾಲದು.

ಬ್ಲೀಚಿಂಗ್ ಪುಡಿ, ಪೊಟ್ಯಾಸಿಯಂ ಪರ್ಮಾಂಗನೇಟ್, ಓಜೋನ್, ಹೈಡ್ರೋಜನ್ ಪೆರಾಕ್ಸೈಡ್ ಇವೆಲ್ಲ ಉತ್ಕರ್ಷಣಕಾರಿಗಳು. ನೀರಿನಲ್ಲಿರುವ ಸಾವಯವ ವಸ್ತುಗಳನ್ನು ಇವು ಬೆಂಕಿಯಿಲ್ಲದೆಯೇ ಸುಡುತ್ತವೆ ಎನ್ನಬಹುದು. ಪೂರ್ತಿ ಸುಟ್ಟರೆ ಮುಖ್ಯವಾಗಿ ಇಂಗಾಲದ ಡೈ ಆಕ್ಸೈಡ್ ಮತ್ತು ನೀರು ಉಳಿಯುತ್ತವೆ. ಹಸಿ ಸೌದೆಯಂತೆ ಅರೆಬರೆ ಸುಟ್ಟರೆ ಬಣ್ಣ ಮಾಯವಾದರೂ ಬೇರೆ ರಾಸಾಯನಿಕಗಳು ಉಳಿಯುತ್ತವೆ. ಕ್ಲೋರಿನ್ ಕೆಲವು ಸಾವಯವ ವಸ್ತುಗಳೊಡನೆ ಸೇರಿ ಕ್ಲೋರೋಫಾರಂನಂಥ ಹಾನಿಕರ ವಸ್ತುಗಳನ್ನೂ ಉಂಟುಮಾಡಬಲ್ಲದು.

ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ ಕಡೆಯವರಿಗೆ ಭತ್ತ, ಅಕ್ಕಿ ಗಿರಣಿ ಹೊಸತಲ್ಲ. ಕುಸುಬಲಕ್ಕಿಗಾಗಿ ಭತ್ತ ನೆನೆಸಿದ ನೀರು ನಿಂತಲ್ಲಿ ಗಬ್ಬು ನಾರುತ್ತದೆ. ಅದರ ಕೊಳೆಯ ಬಹುಪಾಲನ್ನು ಸರಿಯಾದ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳೇ ತಿಂದು ಮುಗಿಸುತ್ತವೆ. ಆದರೆ ಬಟ್ಟೆಯ ಬಣ್ಣ, ಕೀಟನಾಶಕ, ಔಷಧ ತಯಾರಿಕೆಯ ತ್ಯಾಜ್ಯಗಳಲ್ಲಿ ಹಲವು ಅವುಗಳಿಗೆ ಜೀರ್ಣವಾಗುವುದಿಲ್ಲ. ಅಲ್ಲಿ ರಾಸಾಯನಿಕ ಉತ್ಕರ್ಷಣ ಬೇಕು.

ಇದಕ್ಕೆ ಹೆಸರಾದದ್ದು ಫೆಂಟನ್ ವಿಧಾನ. ಇದರ ಮೂಲ ಕ್ರಿಯೆಯನ್ನು ಇಂಗ್ಲೆಂಡಿನ ಹೆನ್ರಿ ಫೆಂಟನ್ 1894ರಲ್ಲಿ ವಿವರಿಸಿದರು. ಹುಳಿಯಾಗಿಸಿದ, ಅಂದರೆ ಪಿಎಚ್ ಸುಮಾರು 3 ಇರುವ ನೀರಿಗೆ ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿದರೆ ಹೈಡ್ರಾಕ್ಸಿಲ್ ಎಂಬ ಬಲು ಚುರುಕಾದ ಕಣಗಳು ಹುಟ್ಟಿ ಗಟ್ಟಿ ಅಣುಗಳನ್ನೂ ಒಡೆಯುತ್ತವೆ. ಬಳಿಕ ಸುಣ್ಣ ಹಾಕಿ ಹುಳಿ ತೆಗೆದಾಗ ತಳಕ್ಕಿಳಿಯುವ ಕಬ್ಬಿಣದ ಕೆಸರನ್ನು ಬೇರೆಯಾಗಿ ವಿಲೇವಾರಿ ಮಾಡಬೇಕು.

ಕೆಲಸ ಪೂರ್ತಿಯಾಯಿತೆ ಎಂದು ಹೇಳುವುದು ಕಣ್ಣಲ್ಲ, ಪ್ರಯೋಗಾಲಯ. ಕೊಳೆಯನ್ನು ಸುಡಲು ಎಷ್ಟು ಆಮ್ಲಜನಕ ಬೇಕೆಂಬ ಅಳತೆಗೆ ಸಿಓಡಿ ಎನ್ನುತ್ತಾರೆ. ನದಿ, ಹಳ್ಳಗಳಿಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಅದು ಲೀಟರಿಗೆ 250 ಮಿಲಿಗ್ರಾಂ ಮೀರಬಾರದೆಂಬುದು ನಮ್ಮ ದೇಶದ ಸಾಮಾನ್ಯ ನಿಯಮ. ಇದು ಹೊರಬಿಡುವ ನೀರಿನ ಮಿತಿಯೇ ಹೊರತು ಕುಡಿಯುವ ನೀರಿನದಲ್ಲ.

ಮನೆಯವರು ನೆನಪಿಡಬೇಕಾದದ್ದು:

* ಕುದಿಸಿದರೆ ರೋಗಾಣು ಸಾಯುತ್ತವೆ. ರಾಸಾಯನಿಕ ಹೋಗುತ್ತದೆಂದು ನಂಬಬಾರದು.

* ಬಾವಿ, ಬೋರ್‌ವೆಲ್ ನೀರಿಗೆ ಹೊಸ ಬಣ್ಣ, ವಾಸನೆ, ನೊರೆ ಬಂದರೆ ಕುಡಿಯಲು, ಅಡುಗೆಗೆ ಬಳಸಬೇಡಿ, ದನಕರುಗಳಿಗೂ ಕುಡಿಸಬೇಡಿ.

* ಇಂಥ ನೀರಿಗೆ ಬ್ಲೀಚಿಂಗ್ ಪುಡಿ ಸುರಿದು ಸಮಾಧಾನಪಡಬೇಡಿ. ಆ ಪುಡಿಯನ್ನು ಆಸಿಡ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಏಳುತ್ತದೆ.

* ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಲಿಖಿತ ದೂರು ಕೊಟ್ಟು ನೀರಿನ ಪರೀಕ್ಷೆ ಮಾಡಿಸಿ.

ವಿಷವನ್ನು ಕಾರ್ಖಾನೆಯ ಅಂಗಳದಲ್ಲೇ ಸುಡಬೇಕು. ಬಾವಿಗಿಳಿದ ಮೇಲೆ ಅದಕ್ಕೆ ಮನೆಮದ್ದಿಲ್ಲ.