ಪತ್ತೇದಾರಿ ಕಾದಂಬರಿಯ ಸಾಮೂಹಿಕ ಓದು: ಸಾಕ್ಷ್ಯ, ನಿರೂಪಣೆ ಮತ್ತು ನಂಬಿಕೆ

ಪತ್ತೇದಾರಿ ಕಾದಂಬರಿಯು ಒಮ್ಮೆ ಓದಿ ಮುಗಿಸಿಬಿಡುವ ಪುಸ್ತಕವೆಂಬ ಅಭಿಪ್ರಾಯ ಬಹುಕಾಲದಿಂದ ಪ್ರಚಲಿತವಾಗಿದೆ. ಅಪರಾಧಿ ಯಾರೆಂದು ತಿಳಿದ ಮೇಲೆ ಅದರಲ್ಲಿ ಓದಲು ಏನೂ ಉಳಿಯುವುದಿಲ್ಲ ಎಂಬುದು ಈ ಅಭಿಪ್ರಾಯದ ಸಾರ. ದೊಡ್ಡ ವಿಮರ್ಶಕರೂ ಹೀಗೆ ಭಾವಿಸಿದ್ದಾರೆ. ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1945ರ ತನ್ನ ಪ್ರಬಂಧದ ಶೀರ್ಷಿಕೆಯಲ್ಲಿಯೇ ರೋಜರ್ ಆಕ್ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನು ಎಂಬ ಧಾಟಿಯಲ್ಲಿ ಈ ಪ್ರಕಾರವನ್ನು ತಳ್ಳಿಹಾಕಿದ. ಈ ಕಾದಂಬರಿಗಳ ಗೀಳು ಹತ್ತಿಸಿಕೊಂಡಿದ್ದ ಕವಿ ಡಬ್ಲ್ಯು. ಎಚ್. ಆಡೆನ್ ಕೂಡ 1948ರ ಪ್ರಬಂಧವೊಂದರಲ್ಲಿ, ಓದಿ ಮುಗಿಸಿದೊಡನೆ ಇಂತಹ ಕಥೆ ತನಗೆ ಮರೆತುಹೋಗುತ್ತದೆ, ಮತ್ತೆ ಓದಬೇಕೆನಿಸುವುದಿಲ್ಲ ಎಂದು ಹೇಳಿಕೊಂಡ.

ಈ ತೀರ್ಮಾನಗಳ ಹಿಂದೆ ಒಂದು ನಿರ್ದಿಷ್ಟ ಓದಿನ ಕ್ರಮವಿದೆ ಎಂಬುದನ್ನು ಗಮನಿಸಬೇಕು. ಒಬ್ಬನೇ ಕುಳಿತು, ಕೊನೆಯ ಪುಟದತ್ತ ಧಾವಿಸುತ್ತ ಓದುವ ಕ್ರಮ ಅದು. ಅದೇ ಕೃತಿಯನ್ನು ಎಂಟು-ಹತ್ತು ಜನರ ಓದುಕೂಟವೊಂದು ಭಾಗಭಾಗವಾಗಿ, ಅಲ್ಲಲ್ಲಿ ತಡೆದು ನಿಂತು, ಪರಸ್ಪರ ಚರ್ಚಿಸುತ್ತ ಓದಿದಾಗ ಏನಾಗುತ್ತದೆ? ಅಪರಾಧಿ ಯಾರು ಎಂಬ ಪ್ರಶ್ನೆಯು ಹಿಂದೆ ಸರಿದು, ಯಾರ ಮಾತನ್ನು ಏಕೆ ನಂಬಿದೆವು ಎಂಬ ಪ್ರಶ್ನೆಯು ಮುಂದೆ ಬರುತ್ತದೆ ಎಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಇದಕ್ಕಾಗಿ ಇಂಗ್ಲಿಷಿನ ಮೂರು ಕೃತಿಗಳನ್ನು ಇಲ್ಲಿ ಪರಿಶೀಲಿಸಲಾಗಿದೆ: ಅಗಾಥಾ ಕ್ರಿಸ್ಟಿಯ ‘ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ (1926), ಆಂಥನಿ ಬರ್ಕ್ಲಿಯ ‘ದ ಪಾಯ್ಸನ್ಡ್ ಚಾಕಲೇಟ್ಸ್ ಕೇಸ್’ (1929) ಮತ್ತು ವಿಲ್ಕಿ ಕಾಲಿನ್ಸ್‌ನ ‘ದ ಮೂನ್‌ಸ್ಟೋನ್’ (1868). ಚರ್ಚೆಯ ಅಗತ್ಯಕ್ಕಾಗಿ ಇವುಗಳ ರಹಸ್ಯಗಳನ್ನು ಬಿಚ್ಚಿಡುವುದು ಅನಿವಾರ್ಯವಾಗಿದೆ.

1. ಎರಡು ಕಥೆಗಳು ಮತ್ತು ಒಂದು ಒಪ್ಪಂದ

ಪತ್ತೇದಾರಿ ಕಾದಂಬರಿಯಲ್ಲಿ ಎರಡು ಕಥೆಗಳಿರುತ್ತವೆ ಎಂದು ತ್ಸ್ವೆತಾನ್ ತೊದೊರೊವ್ 1966ರ ಪ್ರಬಂಧದಲ್ಲಿ ವಿವರಿಸಿದ್ದಾನೆ. ಮೊದಲನೆಯದು ಅಪರಾಧದ ಕಥೆ. ಅದು ನಡೆದುಹೋಗಿದೆ, ಆದರೆ ಓದುಗನ ಕಣ್ಣೆದುರಿಗಿಲ್ಲ. ಎರಡನೆಯದು ತನಿಖೆಯ ಕಥೆ; ಅದು ಕಣ್ಣೆದುರಿಗಿದೆ, ಆದರೆ ಮೊದಲನೆಯದನ್ನು ತಲುಪಲು ಇರುವ ದಾರಿ ಮಾತ್ರ. ಏಕಾಂತದ ಓದು ಈ ದಾರಿಯನ್ನು ಆದಷ್ಟು ಬೇಗ ದಾಟಿಬಿಡುತ್ತದೆ. ಕೂಟದ ಓದಾದರೋ ದಾರಿಯ ಮೇಲೆಯೇ ನಿಲ್ಲುತ್ತದೆ.

ಈ ನಿಲುಗಡೆಗೆ ಆ ಪ್ರಕಾರದೊಳಗೇ ಆಧಾರವಿದೆ. ಎಲರಿ ಕ್ವೀನ್ ಹೆಸರಿನಲ್ಲಿ 1929ರಲ್ಲಿ ಪ್ರಕಟವಾದ ಮೊದಲ ಕಾದಂಬರಿಯಲ್ಲಿಯೇ, ರಹಸ್ಯ ಬಯಲಾಗುವ ಮೊದಲು ಕಥೆಯನ್ನು ತಡೆದು, ಓದುಗನಿಗೆ ಸವಾಲೊಡ್ಡುವ ಪುಟವೊಂದಿದೆ. ಬೇಕಾದ ಸುಳಿವುಗಳೆಲ್ಲ ಈಗ ಕೈಯಲ್ಲಿವೆ, ಉತ್ತರವನ್ನು ಊಹಿಸಬಹುದು ಎಂಬುದು ಆ ಸವಾಲಿನ ತಾತ್ಪರ್ಯ. ಎಸ್. ಎಸ್. ವ್ಯಾನ್ ಡೈನ್ 1928ರಲ್ಲಿ ಇಪ್ಪತ್ತು ನಿಯಮಗಳನ್ನೂ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ನಿಯಮಗಳನ್ನೂ ರೂಪಿಸಿದರು. 1930ರಲ್ಲಿ ಲಂಡನ್ನಿನಲ್ಲಿ ಸ್ಥಾಪನೆಯಾದ ಡಿಟೆಕ್ಷನ್ ಕ್ಲಬ್ಬಿನ ಮೊದಲ ಅಧ್ಯಕ್ಷ ಜಿ. ಕೆ. ಚೆಸ್ಟರ್‌ಟನ್. ಓದುಗನಿಂದ ಮುಖ್ಯ ಸುಳಿವುಗಳನ್ನು ಮುಚ್ಚಿಡಬಾರದು ಎಂಬ ತತ್ತ್ವಕ್ಕೆ ಅದರ ಸದಸ್ಯರು ಬದ್ಧರಾಗಿದ್ದರು. ಅಂದರೆ ಲೇಖಕ-ಓದುಗರ ನಡುವಿನ ನ್ಯಾಯಬದ್ಧ ಒಪ್ಪಂದವೊಂದು ಈ ಪ್ರಕಾರದ ಬುನಾದಿಯಲ್ಲಿದೆ. ಒಪ್ಪಂದ ಪಾಲನೆಯಾಗಿದೆಯೇ ಎಂದು ಪರೀಕ್ಷಿಸಲು ಒಬ್ಬನ ನೆನಪಿಗಿಂತ ಹಲವರ ನೆನಪು ಹೆಚ್ಚು ಸಮರ್ಥವಾದುದು. ನಿಗದಿತ ಅಧ್ಯಾಯದಲ್ಲಿ ಓದನ್ನು ನಿಲ್ಲಿಸಿ, ಪ್ರತಿಯೊಬ್ಬರೂ ತಮ್ಮ ಸಂಶಯವನ್ನೂ ಅದಕ್ಕೆ ಆಧಾರವಾದ ವಾಕ್ಯವನ್ನೂ ಬರೆದಿಟ್ಟರೆ, ‘ನನಗೆ ಮೊದಲೇ ಗೊತ್ತಿತ್ತು’ ಎಂಬ ಮಾತಿಗೆ ಅವಕಾಶವಿರುವುದಿಲ್ಲ. ಓದಿನ ಪ್ರಮಾದಗಳೂ ದಾಖಲೆಯಾಗುತ್ತವೆ.

2. ನಂಬಿಕೆಯ ಪರೀಕ್ಷೆ: ರೋಜರ್ ಆಕ್ರಾಯ್ಡ್

ಕ್ರಿಸ್ಟಿಯ ಕಾದಂಬರಿಯ ನಿರೂಪಕ ಡಾ. ಶೆಪರ್ಡ್ ಕಿಂಗ್ಸ್ ಆ್ಯಬಟ್ ಎಂಬ ಹಳ್ಳಿಯ ವೈದ್ಯ. ಸಂಭಾವಿತ, ಮಿತಭಾಷಿ, ಎಲ್ಲರ ಮನೆಗೂ ಹೋಗಿಬರುವವನು. ಪತ್ತೇದಾರ ಪೊಯ್ರೊ ಅವನನ್ನು ಸಹಾಯಕನನ್ನಾಗಿ ಇಟ್ಟುಕೊಳ್ಳುತ್ತಾನೆ. ಷರ್ಲಾಕ್ ಹೋಮ್ಸ್‌ನ ಕಥೆಗಳಲ್ಲಿ ವ್ಯಾಟ್ಸನ್ನನ ಮಾತಿಗೆ ಒಗ್ಗಿಹೋದ ಓದುಗ ಈ ವೈದ್ಯನನ್ನೂ ಅದೇ ಸ್ಥಾನದಲ್ಲಿ ಕೂರಿಸುತ್ತಾನೆ. ಕೊನೆಯಲ್ಲಿ ಕೊಲೆಗಾರ ಈ ನಿರೂಪಕನೇ ಎಂದು ತಿಳಿಯುತ್ತದೆ.

ಇದು ಮೋಸವೇ ಎಂಬ ವಾದ ಕಾದಂಬರಿ ಬಂದ ಕಾಲದಿಂದಲೂ ಇದೆ. ಮೂರು ವರ್ಷಗಳ ನಂತರ ನಾಕ್ಸ್ ರೂಪಿಸಿದ ಮೊದಲ ನಿಯಮವೇ, ಯಾರ ಆಲೋಚನೆಗಳನ್ನು ಓದುಗ ಹಿಂಬಾಲಿಸಿರುತ್ತಾನೋ ಅಂತಹವನು ಅಪರಾಧಿಯಾಗಕೂಡದು ಎನ್ನುತ್ತದೆ. ಆದರೆ ಪಠ್ಯಕ್ಕೆ ಮರಳಿದರೆ ಶೆಪರ್ಡ್ ಎಲ್ಲಿಯೂ ನೇರವಾದ ಸುಳ್ಳನ್ನು ಬರೆದಿಲ್ಲ ಎಂಬುದು ಕಂಡುಬರುತ್ತದೆ. ಆ ರಾತ್ರಿ ಪತ್ರ ಬಂದದ್ದು ಎಂಟು ನಲವತ್ತಕ್ಕೆ. ತಾನು ಆಕ್ರಾಯ್ಡ್‌ನ ಕೋಣೆಯಿಂದ ಹೊರಟದ್ದು ಎಂಟು ಐವತ್ತರ ಹೊತ್ತಿಗೆ ಎಂದು ಅವನು ನಿಖರವಾಗಿ ದಾಖಲಿಸುತ್ತಾನೆ. ನಡುವಿನ ಹತ್ತು ನಿಮಿಷಗಳಲ್ಲಿ ಏನಾಯಿತು ಎಂಬುದನ್ನು ಮಾತ್ರ ಹೇಳುವುದಿಲ್ಲ. ಏಕಾಂತದ ಓದುಗನಿಗೆ ಈ ಹತ್ತು ನಿಮಿಷಗಳು ಕಾಣುವುದು ಅಪರೂಪ. ಕೂಟದಲ್ಲಿ ಗಡಿಯಾರದ ಲೆಕ್ಕವಿಡುವ ಒಬ್ಬರಾದರೂ ಇದ್ದರೆ ಅವು ಕಾಣುತ್ತವೆ. ಕಂಡ ಮೇಲೂ ಉಳಿದವರು ವೈದ್ಯನ ಮೇಲೆ ಸಂಶಯಪಡಲು ಹಿಂಜರಿದರೆ, ಆ ಹಿಂಜರಿಕೆಯೇ ಚರ್ಚೆಯ ವಸ್ತುವಾಗಬೇಕು. ‘ನಾನು’ ಎಂದು ಹೇಳುವವನಿಗೆ, ಅದರಲ್ಲಿಯೂ ವಿದ್ಯಾವಂತನಾದ ಗೌರವಸ್ಥನಿಗೆ, ಓದುಗರು ಎಷ್ಟು ಸುಲಭವಾಗಿ ವಿನಾಯಿತಿ ಕೊಡುತ್ತಾರೆ ಎಂಬುದು ಇಲ್ಲಿ ಬಯಲಾಗುತ್ತದೆ.

ಫ್ರೆಂಚ್ ವಿಮರ್ಶಕ ಪಿಯೆರ್ ಬಯಾರ್ 1998ರ ತನ್ನ ಕೃತಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪೊಯ್ರೊನ ತೀರ್ಪೇ ತಪ್ಪು, ಕೊಲೆಗಾರ್ತಿ ಶೆಪರ್ಡ್‌ನ ಅಕ್ಕ ಕ್ಯಾರೊಲಿನ್ ಎಂದು ವಾದಿಸಿದ. ಆ ವಾದವನ್ನು ಒಪ್ಪಬೇಕೆಂದಿಲ್ಲ. ಆದರೆ ಪತ್ತೇದಾರನ ಮಾತೂ ಒಂದು ವ್ಯಾಖ್ಯಾನವೇ ಹೊರತು ಪಠ್ಯದಾಚೆಗಿನ ಸತ್ಯವಲ್ಲ ಎಂಬ ಎಚ್ಚರ ಅದರಿಂದ ಮೂಡುತ್ತದೆ. ವಿಲ್ಸನ್ ಅರ್ಥವಿಲ್ಲದ್ದೆಂದು ಕೈಬಿಟ್ಟ ಪ್ರಶ್ನೆ ಐದು ದಶಕಗಳ ನಂತರವೂ ಚರ್ಚೆಗೆ ತೆರೆದುಕೊಂಡಿತ್ತು ಎಂಬುದು ಗಮನಾರ್ಹ.

3. ಕೂಟವೇ ಕಥೆಯಾದಾಗ: ವಿಷದ ಚಾಕಲೇಟು

ಬರ್ಕ್ಲಿಯ ಕಾದಂಬರಿಯಲ್ಲಿ ಸಾಮೂಹಿಕ ಓದು ಕಥೆಯ ರಚನೆಯೇ ಆಗಿದೆ. ಸರ್ ಯೂಸ್ಟೇಸ್ ಪೆನ್ನಿಫಾದರ್‌ನಿಗೆ ಅಂಚೆಯಲ್ಲಿ ಬಂದ ಚಾಕಲೇಟು ಪೆಟ್ಟಿಗೆ ಗ್ರಹಾಂ ಬೆಂಡಿಕ್ಸ್ ಎಂಬಾತನ ಕೈಸೇರುತ್ತದೆ. ಅದನ್ನು ತಿಂದ ಅವನ ಹೆಂಡತಿ ಸಾಯುತ್ತಾಳೆ. ಪೊಲೀಸರು ಕೈಚೆಲ್ಲಿದ ಈ ಪ್ರಕರಣವನ್ನು ಆರು ಜನರ ಅಪರಾಧ ಅಧ್ಯಯನ ಕೂಟವೊಂದು ಎತ್ತಿಕೊಳ್ಳುತ್ತದೆ. ಅಲ್ಲಿ ಒಬ್ಬ ವಕೀಲನಿದ್ದಾನೆ, ನಾಟಕಕಾರ್ತಿಯಿದ್ದಾಳೆ, ಕಾದಂಬರಿಕಾರರಿದ್ದಾರೆ. ದಿನಕ್ಕೊಬ್ಬರಂತೆ ತಮ್ಮ ಪರಿಹಾರವನ್ನು ಮಂಡಿಸುತ್ತಾರೆ. ಪ್ರತಿಯೊಂದೂ ಮಂಡನೆಯ ಹೊತ್ತಿನಲ್ಲಿ ಒಪ್ಪುವಂತಿರುತ್ತದೆ. ಮುಂದಿನ ಮಂಡನೆಯಲ್ಲಿ ಕುಸಿಯುತ್ತದೆ. ಪತ್ತೇದಾರಿ ಕಾದಂಬರಿಕಾರನಾದ ಬ್ರಾಡ್ಲಿಯಂತೂ ಅದೇ ತರ್ಕದಿಂದ ತಾನೇ ಕೊಲೆಗಾರನೆಂದು ಸಾಧಿಸಿ ತೋರಿಸುತ್ತಾನೆ.

ಬರ್ಕ್ಲಿ ಇಲ್ಲಿ ತನ್ನ ಪ್ರಕಾರದ ಆತ್ಮವಿಶ್ವಾಸವನ್ನೇ ವಿಮರ್ಶಿಸಿದ್ದಾನೆ. ಒಂದೇ ಸಾಕ್ಷ್ಯರಾಶಿಯಿಂದ ಹಲವು ಸುಸಂಬದ್ಧ ಕಥೆಗಳನ್ನು ಕಟ್ಟಬಹುದು. ಸುಸಂಬದ್ಧತೆಯೊಂದೇ ಸತ್ಯದ ಪ್ರಮಾಣವಾಗಲಾರದು. ವಕೀಲನು ವಕೀಲನಂತೆಯೂ ನಾಟಕಕಾರ್ತಿಯು ನಾಟಕಕಾರ್ತಿಯಂತೆಯೂ ಓದುತ್ತಾರೆ. ತಮ್ಮ ಕಸುಬಿಗೆ ಹೊಂದುವ ಅಪರಾಧಿಯನ್ನು ಹುಡುಕಿಕೊಳ್ಳುತ್ತಾರೆ. ಕೊನೆಯ ಪರಿಹಾರ ಬರುವುದು ಕೂಟದಲ್ಲಿ ಯಾರೂ ಗಣನೆಗೆ ತೆಗೆದುಕೊಳ್ಳದ ಸಂಕೋಚಸ್ವಭಾವದ ಚಿಟರ್‌ವಿಕ್‌ನಿಂದ. ಇದರ ಮೇಲೂ 1979ರಲ್ಲಿ ಕ್ರಿಸ್ಟಿಯಾನಾ ಬ್ರ್ಯಾಂಡ್ ಒಂದು ಹೊಸ ಪರಿಹಾರವನ್ನು ಬರೆದಳು. 2016ರ ಬ್ರಿಟಿಷ್ ಲೈಬ್ರರಿಯ ಆವೃತ್ತಿಗೆ ಮಾರ್ಟಿನ್ ಎಡ್ವರ್ಡ್ಸ್ ಮತ್ತೊಂದನ್ನು ಸೇರಿಸಿದರು. ಮುಗಿದ ಕಾದಂಬರಿಯೊಂದು ತನ್ನ ಓದುಗರಿಂದಲೇ ಬೆಳೆದದ್ದಕ್ಕೆ ಇದು ಉತ್ತಮ ನಿದರ್ಶನ.

ಓದುಕೂಟದ ಮಿತಿಯನ್ನೂ ಈ ಕೃತಿ ಸೂಚಿಸುತ್ತದೆ. ಗಟ್ಟಿ ದನಿಯಲ್ಲಿ ಮಾತನಾಡುವವರ ವಾದ ಕೂಟದ ಒಮ್ಮತವಾಗಿಬಿಡುವ ಅಪಾಯ ಎಲ್ಲೆಡೆಯೂ ಇದೆ. ಹಲವರು ಸೇರಿದ ಮಾತ್ರಕ್ಕೆ ಓದು ಬಹುಮುಖಿಯಾಗುವುದಿಲ್ಲ. ಮಾತನಾಡದವರ ಸರದಿಯನ್ನು ಕಾಯ್ದಿರಿಸಿದಾಗ ಮಾತ್ರ ಆಗುತ್ತದೆ.

4. ತನಿಖೆಯಾಗದ ಅಪರಾಧ: ಶ್ರೀರಂಗಪಟ್ಟಣದಿಂದ ಮೂನ್‌ಸ್ಟೋನ್

ಹಿಂದಿನ ಎರಡು ಕೃತಿಗಳಿಗಿಂತ ಅರ್ಧ ಶತಮಾನಕ್ಕೂ ಮೊದಲಿನ ‘ದ ಮೂನ್‌ಸ್ಟೋನ್’ 1868ರ ಜನವರಿಯಿಂದ ಆಗಸ್ಟ್‌ವರೆಗೆ ಡಿಕನ್ಸ್‌ನ ‘ಆಲ್ ದ ಇಯರ್ ರೌಂಡ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ವಾರದ ಕಂತುಗಳ ನಡುವೆ ಊಹೆಗೂ ಚರ್ಚೆಗೂ ಬಿಡುವಿತ್ತು. ಓದುಕೂಟದ ನಿಲುಗಡೆಗಳು ಒಂದರ್ಥದಲ್ಲಿ ಆ ಬಿಡುವನ್ನು ಮರಳಿ ತರುತ್ತವೆ. ಇಡೀ ಕಾದಂಬರಿ ಹಲವು ಸಾಕ್ಷಿಗಳ ಹೇಳಿಕೆಗಳ ಸಂಕಲನವಾಗಿದೆ. ಮನೆಯ ಹಿರಿಯ ಸೇವಕ ಬೆಟರೆಜ್, ಮತಾಭಿಮಾನಿ ಮಿಸ್ ಕ್ಲ್ಯಾಕ್, ವಕೀಲ ಬ್ರಫ್, ಫ್ರ್ಯಾಂಕ್ಲಿನ್ ಬ್ಲೇಕ್, ವೈದ್ಯ ಸಹಾಯಕ ಎಜ್ರಾ ಜೆನಿಂಗ್ಸ್ ಮುಂತಾದವರು ತಾವು ಕಂಡಷ್ಟನ್ನು ಮಾತ್ರ ಹೇಳುತ್ತಾರೆ. ಕೂಟದ ಒಬ್ಬೊಬ್ಬ ಸದಸ್ಯರು ಒಬ್ಬೊಬ್ಬ ನಿರೂಪಕರ ಹೊಣೆ ಹೊತ್ತು ಓದಲು ಇದಕ್ಕಿಂತ ಅನುಕೂಲವಾದ ಪಠ್ಯ ದೊರೆಯುವುದು ಕಷ್ಟ.

ಕನ್ನಡದ ಓದುಗರಿಗೆ ಈ ಕೃತಿಯೊಡನೆ ನೇರ ಸಂಬಂಧವೂ ಇದೆ. ಕಥೆ ಆರಂಭವಾಗುವುದು ಇಂಗ್ಲೆಂಡಿನಲ್ಲಲ್ಲ. 1799ರ ಮೇ 4ರಂದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಶ್ರೀರಂಗಪಟ್ಟಣವನ್ನು ನುಗ್ಗಿ ವಶಪಡಿಸಿಕೊಂಡ ದಿನದಲ್ಲಿ. ಟಿಪ್ಪುವಿನ ಆಯುಧಾಗಾರದಲ್ಲಿ ಕಠಾರಿಯ ಹಿಡಿಯಲ್ಲಿದ್ದ ಹಳದಿ ವಜ್ರವನ್ನು ಜಾನ್ ಹರ್ನ್‌ಕಾಸಲ್ ಎಂಬ ಅಧಿಕಾರಿ, ಅದರ ಕಾವಲಿಗಿದ್ದವರನ್ನು ಕೊಂದು ಅಪಹರಿಸುತ್ತಾನೆ. ವಜ್ರವೂ ಅಧಿಕಾರಿಯೂ ಕಾಲಿನ್ಸ್‌ನ ಕಲ್ಪನೆ. ಮುತ್ತಿಗೆಯೂ ಲೂಟಿಯೂ ಚರಿತ್ರೆ. ಈ ಭಾಗ ಹರ್ನ್‌ಕಾಸಲ್‌ನ ಸೋದರ ಸಂಬಂಧಿಯೊಬ್ಬ ಬರೆದ ಕುಟುಂಬಪತ್ರದ ರೂಪದಲ್ಲಿದೆ. ಅವನು ರಕ್ತ ತೊಟ್ಟಿಕ್ಕುವ ಕಠಾರಿಯನ್ನು ಕಂಡಿದ್ದಾನೆ. ಕೊಲೆಯನ್ನು ಕಣ್ಣಾರೆ ಕಂಡಿಲ್ಲ. ಸಾಕ್ಷ್ಯ ಸಾಲದೆಂಬ ಕಾರಣದಿಂದ ಬಹಿರಂಗವಾಗಿ ಆರೋಪಿಸುವುದಿಲ್ಲ.

ಮುಂದೆ ಅದೇ ವಜ್ರ ಯಾರ್ಕ್‌ಷೈರಿನ ಮನೆಯೊಂದರಿಂದ ಕಾಣೆಯಾದಾಗ ಪೊಲೀಸರು ಬರುತ್ತಾರೆ, ಲಂಡನ್ನಿನಿಂದ ಸಾರ್ಜೆಂಟ್ ಕಫ್ ಬರುತ್ತಾನೆ, ಬಾಗಿಲಿನ ಬಣ್ಣ ಯಾರ ಬಟ್ಟೆಗೆ ಅಂಟಿತೆಂಬ ಸೂಕ್ಷ್ಮ ವಿಚಾರಣೆ ನಡೆಯುತ್ತದೆ. ಏಕಾಂತದ ಓದುಗ ಈ ಎರಡನೆಯ ಕಳವಿನ ಜಾಡನ್ನೇ ಹಿಡಿದು ಸಾಗುತ್ತಾನೆ. ಕೂಟದಲ್ಲಿ ಪೀಠಿಕಾಭಾಗದ ಹೊಣೆ ಹೊತ್ತ ಸದಸ್ಯರೊಬ್ಬರು ಇದ್ದರೆ, ಮೊದಲ ಕೊಲೆಗಳ ತನಿಖೆ ಎಲ್ಲಿ ಎಂಬ ಪ್ರಶ್ನೆ ಏಳದೆ ಇರದು. ಮನೆಯೊಳಗಿನ ಕಳವು ಅಪರಾಧವೆನಿಸುತ್ತದೆ. ರಾಜಧಾನಿಯ ಲೂಟಿ ಕುಟುಂಬದ ಗುಟ್ಟಾಗಿ ಉಳಿಯುತ್ತದೆ. ಕಾಲಿನ್ಸ್‌ಗೆ ಈ ಅಸಮತೋಲನದ ಅರಿವಿತ್ತೆಂಬುದಕ್ಕೆ ಉಪಸಂಹಾರವೇ ಸಾಕ್ಷಿ: ವಜ್ರ ಇಂಗ್ಲೆಂಡಿನಲ್ಲಿ ಉಳಿಯದೆ ಸೋಮನಾಥದ ದೇವರ ಹಣೆಗೆ ಮರಳುತ್ತದೆ.

ಇದೇ ದೃಷ್ಟಿಯಿಂದ ಸೇವಕಿ ರೊಸಾನಾ ಸ್ಪಿಯರ್‌ಮನ್‌ಳ ಪತ್ರವನ್ನೂ ಗಮನಿಸಬೇಕು. ರಹಸ್ಯದ ಮುಖ್ಯ ಸಾಕ್ಷ್ಯ ಆಕೆಯ ಬಳಿಯಿತ್ತು. ಹಿಂದೆ ಕಳ್ಳಿಯಾಗಿದ್ದವಳೆಂಬ ಕಾರಣಕ್ಕೆ ಆಕೆಯನ್ನು ಶಂಕಿಸಲಾಯಿತೇ ಹೊರತು ಆಲಿಸಲಿಲ್ಲ. ಪತ್ರ ಓದಲ್ಪಡುವುದು ಆಕೆಯ ಸಾವಿನ ಬಹುಕಾಲದ ನಂತರ. ಚಹರೆಯ ಕಾರಣಕ್ಕೆ ಎಲ್ಲರೂ ದೂರವಿಡುವ ಜೆನಿಂಗ್ಸ್‌ನೇ ಕೊನೆಗೆ ಒಗಟನ್ನು ಬಿಡಿಸುತ್ತಾನೆ. ಯಾರ ಮಾತಿಗೆ ಸಾಕ್ಷ್ಯದ ಬೆಲೆ ಎಂಬುದು ಈ ಕಾದಂಬರಿಯ ನಿಜವಾದ ರಹಸ್ಯ.

5. ಕನ್ನಡದ ಸಂದರ್ಭ

ಅಂತ್ಯ ತಿಳಿದ ಕಥೆಯನ್ನು ಕೂಡಿ ಕೇಳುವುದು ಕನ್ನಡಕ್ಕೆ ಹೊಸದಲ್ಲ. ಕುಮಾರವ್ಯಾಸ ಭಾರತದ ಗಮಕ ವಾಚನಕ್ಕೆ ಕೂರುವ ಶ್ರೋತೃವಿಗೆ ಕರ್ಣನ ಗತಿ ಗೊತ್ತು. ಆದರೂ ಆತ ಕೂರುವುದು, ಅದು ಹೇಗೆ ಒದಗಿತು ಎಂಬುದನ್ನು ತಿಳಿಯಲು. ಅಲ್ಲಿ ಅರ್ಥ ಹೇಳುವ ಅಧಿಕಾರ ವ್ಯಾಖ್ಯಾನಕಾರನದು. ಓದುಕೂಟದಲ್ಲಿ ಅದು ಎಲ್ಲರಿಗೂ ಹಂಚಿಹೋಗುತ್ತದೆ. ಈ ವ್ಯತ್ಯಾಸವನ್ನು ಒಪ್ಪಿಕೊಂಡೇ, ಕೊಲೆಗಾರನ ಹೆಸರು ಗೊತ್ತಾದ ಮೇಲೂ ಪತ್ತೇದಾರಿ ಕಾದಂಬರಿಯನ್ನು ಓದಬಹುದು ಎಂಬ ನಿಲುವಿಗೆ ಗಮಕದಿಂದ ಬಲ ಪಡೆಯಬಹುದು.

ಕನ್ನಡದ ಪತ್ತೇದಾರಿ ಸಾಹಿತ್ಯವೂ ಇಂತಹ ಓದನ್ನು ಅಪೇಕ್ಷಿಸುತ್ತದೆ. ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಮಧುಸೂದನರು ಬಾಡಿಗೆ ಪುಸ್ತಕಾಲಯಗಳ ಮೂಲಕ ದೊಡ್ಡ ಓದುಗವರ್ಗವನ್ನು ಮುಟ್ಟಿದರು. ಒಂದೇ ಪ್ರತಿ ಹಲವು ಕೈಗಳನ್ನು ದಾಟುತ್ತಿದ್ದರೂ ಆ ಓದು ಬಹುಮಟ್ಟಿಗೆ ಒಬ್ಬೊಬ್ಬರದೇ ಆಗಿತ್ತು. ಜನಪ್ರಿಯ ಸಾಹಿತ್ಯವೆಂಬ ಹಣೆಪಟ್ಟಿಯಿಂದಾಗಿ ಅವುಗಳ ನಿರೂಪಣಾಕ್ರಮಕ್ಕೆ ವಿಮರ್ಶೆಯ ಗಮನ ಸಲ್ಲಬೇಕಾದಷ್ಟು ಸಂದಿಲ್ಲ. ಇನ್ನೊಂದೆಡೆ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ದಲ್ಲಿ ತನಿಖೆಯ ಚೌಕಟ್ಟು ಕೆಸರೂರೆಂಬ ಊರಿನ ಒಳಹಗೆತನಗಳನ್ನು ಕಾಣುವ ಸಾಧನವಾಗಿ ಮಾರ್ಪಡುತ್ತದೆ. ಈ ಎರಡನ್ನೂ ಒಂದೇ ಕೂಟದಲ್ಲಿ ಎದುರುಬದುರಾಗಿ ಇಟ್ಟು ಓದಿದರೆ, ಜನಪ್ರಿಯ ಮತ್ತು ಗಂಭೀರ ಎಂಬ ವಿಭಜನೆ ಎಷ್ಟರಮಟ್ಟಿಗೆ ಪಠ್ಯದ್ದು, ಎಷ್ಟರಮಟ್ಟಿಗೆ ಓದಿನ ಕ್ರಮದ್ದು ಎಂಬುದನ್ನು ಪರೀಕ್ಷಿಸಬಹುದು.

ಸ್ನಾತಕೋತ್ತರ ತರಗತಿಯಲ್ಲಿ ಇದಕ್ಕೆ ವಿಶೇಷ ಸಿದ್ಧತೆ ಬೇಕಿಲ್ಲ. ಕಾದಂಬರಿಯನ್ನು ನಾಲ್ಕು ಭಾಗ ಮಾಡಿ, ಪ್ರತಿ ಭಾಗದ ಕೊನೆಯಲ್ಲಿ ಸಂಶಯವನ್ನೂ ಆಧಾರವಾಕ್ಯವನ್ನೂ ಬರೆಸಿ, ಅಂತ್ಯ ತಿಳಿದ ಮೇಲೆ ಆ ಟಿಪ್ಪಣಿಗಳನ್ನೇ ಎರಡನೆಯ ಪಠ್ಯವಾಗಿ ಓದಿಸಬೇಕು. ಮೊದಲೇ ಕೃತಿಯನ್ನು ಓದಿದವರಿಗೆ, ರಹಸ್ಯವನ್ನು ಹೇಳದೆ, ಲೇಖಕ ಸುಳಿವುಗಳನ್ನು ಎಲ್ಲೆಲ್ಲಿ ಇಟ್ಟಿದ್ದಾನೆ ಎಂದು ಗುರುತಿಸುವ ಕೆಲಸ ಕೊಡಬಹುದು. ವಿದ್ಯಾರ್ಥಿಗಳು ಇಲ್ಲಿ ಕಲಿಯುವುದು ಕೊಲೆಗಾರನನ್ನು ಹಿಡಿಯುವ ಚಾತುರ್ಯವನ್ನಲ್ಲ. ನಿರೂಪಕನನ್ನು ಪ್ರಶ್ನಿಸುವ, ಆಧಾರವಿಲ್ಲದ ಊಹೆಯನ್ನು ಕೈಬಿಡುವ, ಕೇಳಿಸದ ದನಿಗೆ ಕಿವಿಗೊಡುವ ಕ್ರಮವನ್ನು. ಶಾಸನವಾಗಲಿ, ಆತ್ಮಕಥನವಾಗಲಿ, ಚರಿತ್ರೆಯ ಕಥನವಾಗಲಿ, ಸಂಶೋಧಕನಿಗೆ ಬೇಕಾದುದೂ ಇದೇ ಕ್ರಮ.